ಗೇಟಿನ ಮೇಲಿನ ಹೆಸರು

ಮಾರ್ಚ್ 3, ಸೋಮವಾರ

ಎದ್ದ ಕೂಡಲೇ ಮಹಡಿಗೆ. ಮಸಿ ಹಿಡಿಯಲು ಇಟ್ಟ ಗಾಜು ಬದಲಿಸಿದೆ. ನಿನ್ನೆ ಗ್ರೀಸ್ ಸವರಿಟ್ಟಾಗ ಆಚೆ ಬದಿ ಕಾಣುತ್ತಿತ್ತು. ಇವತ್ತು ಬಾಣಲೆಯ ತಳ. ಹಿಂದುಗಡೆ ತಾರೀಕು, ಮನೆಯ ಗುರುತು ಅಂಟಿಸಿ ಪೆಟ್ಟಿಗೆಗೆ ಹಾಕಿದೆ. ನಮ್ಮ ಹೊಗೆ ಸಮಿತಿಯ ಆಸ್ತಿ ಅಂದರೆ ಇದೇ — ಬೀದಿಯ ಮಹಡಿಗಳಿಂದ ಆರಿಸಿ ತಂದ ಮಸಿ ಗಾಜುಗಳು.

ಒಗೆದ ಬಟ್ಟೆಯ ಮೇಲೆ ಮತ್ತೆ ಕಪ್ಪು ಚುಕ್ಕೆ. ಅಮ್ಮ ಯಾರನ್ನೋ ಬೈಯುತ್ತಾ ಮತ್ತೆ ನೆನೆಹಾಕಿದಳು. ಯಾರನ್ನು ಅಂತ ಅವಳಿಗೂ ಗೊತ್ತಿಲ್ಲ.

ಕಾರ್ಖಾನೆ ನಮ್ಮ ಬೀದಿ ಮುಗಿಯುವಲ್ಲಿ. ಗುಜರಿ ಕಬ್ಬಿಣ ಕರಗಿಸುತ್ತಾರೆ. ಹೊಗೆ ಸೋಸುವುದಕ್ಕೆ ದೊಡ್ಡ ದೊಡ್ಡ ಬಟ್ಟೆಯ ಚೀಲಗಳಿವೆ. ಎಣ್ಣೆ ಮೆತ್ತಿದ ಗುಜರಿ ಹಾಕಿದರೆ ಚೀಲ ಕಟ್ಟಿಕೊಳ್ಳುತ್ತದೆ. ಕುಲುಮೆ ನಿಲ್ಲಿಸಿ ಚೀಲ ಬದಲಿಸಬೇಕು. ನಿಲ್ಲಿಸುವುದಿಲ್ಲ. ಸಂಜೆ ಬೆಳಕು ಕುಂದುವ ಹೊತ್ತಿಗೆ ಬೈಪಾಸ್ ತೆಗೆಯುತ್ತಾರೆ. ಹೊಗೆ ಸೋಸದೆ ನೇರ ಚಿಮಣಿಗೆ, ಅಲ್ಲಿಂದ ನಮ್ಮ ಮೂಗಿಗೆ.

ಇದನ್ನೆಲ್ಲ ಹೇಳಿದವನು ಅಣ್ಣನೇ. ಊಟಕ್ಕೆ ಕೂತಾಗ, ನಾಳೆ ಸೆಖೆ ಇರುತ್ತದೆ ಅನ್ನುವ ಹಾಗೆ. ಅವನು ಅಲ್ಲಿ ಕುಲುಮೆಯ ಫೋರ್‌ಮನ್. ಪಕ್ಕದಲ್ಲಿ ಅವನ ಮಗಳು ಪುಟ್ಟಿ ಕೆಮ್ಮುತ್ತಾ ತುತ್ತು ನುಂಗುತ್ತಿದ್ದಳು. ಅದು ಅವನಿಗೆ ಕೇಳಿಸುವುದಿಲ್ಲವೋ, ಕೇಳಿಸಿ ಸಾಕಾಗಿದೆಯೋ.

ಮಾರ್ಚ್ 5, ಬುಧವಾರ

ಪ್ರೆಸ್ಸಿನಲ್ಲಿ ಇಡೀ ದಿನ ಬಿಲ್ ಬುಕ್ ಕಂಪೋಸಿಂಗ್. ಮಧ್ಯೆ ನಮ್ಮ ಸಮಿತಿಯ ಕರಪತ್ರ ತೂರಿಸಿದೆ. ಯಜಮಾನರು ಕನ್ನಡಕ ಏರಿಸಿ ನೋಡಿದರು. ನಾನು ಅಚ್ಚು ಹಾಕೋದಕ್ಕಿಂತ ಓದೋದೇ ಜಾಸ್ತಿಯಂತೆ. ಇಲ್ಲಿ ಕೆಲಸಕ್ಕೆ ಸೇರಿದಾಗಿಂದ ಈ ಮೆಷಿನ್ನಿನಿಂದ ಹೊರಬಿದ್ದ ಯಾವ ಕರಪತ್ರವನ್ನೂ ಓದದೆ ಬಿಟ್ಟಿಲ್ಲ, ಅದು ನಿಜ. ಕಾಲೇಜು ಸಿಗಲಿಲ್ಲ. ಇದು ಸಿಕ್ಕಿತು.

ಹೊಸ ವಾಯುಮಾಲಿನ್ಯ ಕಾಯ್ದೆಯ ಕರಡು ನಾಲ್ಕನೇ ಸಲ ಓದಿದೆ. ಹಳೆಯದರಲ್ಲಿ ಇದ್ದದ್ದು ಹೀಗೆ: ಮೊದಲ ಸಲ ಎಚ್ಚರಿಕೆ, ಎರಡನೇ ಸಲ ದಂಡ, ಮೂರನೇ ಸಲವೂ ಅದೇ ದಂಡ. ದಂಡ ಅವರಿಗೆ ಬಸ್ ಟಿಕೆಟ್ ಇದ್ದ ಹಾಗೆ. ತೆಗೆದುಕೊಂಡರೆ ಆಯಿತು, ಆರಾಮಾಗಿ ಕೂತು ಹೋಗಬಹುದು. ಕರಡಿನಲ್ಲಿ ದಂಡ ಏರಿಸಿದ್ದಾರೆ. ಏರಿಸಿದರೆ ಏನು? ಟಿಕೆಟ್ ತುಟ್ಟಿಯಾಯಿತು, ಅಷ್ಟೇ.

ಜೈಲು ಬೇಕು. ಒಬ್ಬ ಮನುಷ್ಯ, ಅವನಿಗೊಂದು ಮುಖ, ಅವನಿಗೆ ಜೈಲು.

ಮಾರ್ಚ್ 11, ಮಂಗಳವಾರ, ಸಂಜೆ

ಬಸ್ಸಿಳಿದು ಮನೆ ತನಕ ಓಡಿಬಂದೆ. ಖುಷಿಗೆ.

ಕಾಯ್ದೆಯ ಸದನ ಸಮಿತಿ ಜನರ ಮಾತು ಕೇಳಿತು. ವಕೀಲಮ್ಮನ ಜೊತೆ ಹೋಗಿದ್ದೆ. ನಮ್ಮ ಹೊಗೆ ಸಮಿತಿ ಕಟ್ಟಿದವರೇ ಅವರು. ತಲೆ ನರೆತಿದೆ, ದನಿ ಮಾತ್ರ ಶಾಲೆಯ ಗಂಟೆ. ತಪ್ಪು ಮಾಡಿದರೆ ಮಾಲೀಕರಿಗೂ ನಿರ್ದೇಶಕರಿಗೂ ಜೈಲಾಗಲಿ ಎಂದು ವಾದಿಸಿದರು. ದಪ್ಪನೆಯ ಸದಸ್ಯರೊಬ್ಬರು ನಕ್ಕರು. ಮಾಲೀಕರು ಎಲ್ಲೋ ಇರುತ್ತಾರೆ, ಹೊಗೆ ಇಲ್ಲಿರುತ್ತದೆ, ಯಾರನ್ನು ಹಿಡಿಯೋದು ಎಂದರು.

ತಡೆಯಲಾಗಲಿಲ್ಲ. ಎದ್ದು ನಿಂತೆ. "ಹಾಗಾದ್ರೆ ಇಲ್ಲಿರೋನನ್ನೇ ಹಿಡೀರಿ ಸರ್. ಬೈಪಾಸ್ ತಂತಾನೇ ತೆಗೆದುಕೊಳ್ಳಲ್ಲ. ಹಿಡಿಕೆ ಮೇಲೆ ಒಂದು ಕೈ ಇರುತ್ತೆ. ಆ ಕೈ ಯಾರದೋ ಅವನ ಹೆಸರು ಗೇಟಿನ ಮೇಲೆ ಬರೀರಿ. ಹೊಗೆ ಬಂದ್ರೆ ಅವನು ಒಳಗೆ."

ವಕೀಲಮ್ಮ ಕೈ ಹಿಡಿದು ಎಳೆದರು. ಕೂರಲಿಲ್ಲ. ದಪ್ಪನೆಯವರು ನಗು ನಿಲ್ಲಿಸಿ ಬರೆದುಕೊಂಡರು. ಬರೆದುಕೊಂಡರು! ನನ್ನ ಮಾತು!

ವಾಪಸ್ ಬರುವಾಗ ಬಸ್ಸಿನಲ್ಲಿ ವಕೀಲಮ್ಮ ಕಾಯ್ದೆಯ ಕರಡನ್ನು ಮಡಿಚಿ ಚೀಲಕ್ಕೆ ಹಾಕಿದರು. ಕಿಟಕಿಯ ಆಚೆ ನೋಡುತ್ತಾ ಕೂತಿದ್ದರು. ವಯಸ್ಸಾದವರಿಗೆ ಗೆದ್ದದ್ದು ತಿಳಿಯುವುದು ನಿಧಾನ.

ಮಾರ್ಚ್ 12, ಬುಧವಾರ

ಅಣ್ಣನಿಗೆ ಹೇಳಿದೆ. ಅವನದು ಒಂದೇ ಮಾತು. "ಸರಿ ಕಣೇ ಕರಪತ್ರ, ಈಗ ಉಪ್ಪು ಕೊಡು." ನನ್ನ ಹೆಸರು ಮನೆಯಲ್ಲಿ ಅದೇ ಆಗಿಹೋಗಿದೆ.

ಏಪ್ರಿಲ್ 2, ಬುಧವಾರ

ಎಷ್ಟು ದಿನ ಬರೆದೇ ಇಲ್ಲ. ಓಡಾಟ, ಸಹಿ ಸಂಗ್ರಹ, ಮತ್ತೆ ಓಡಾಟ. ನಿನ್ನೆಯಿಂದ ಕಾಯ್ದೆ ಜಾರಿ. ನನ್ನ ಸಾಲು ಇದೆ. ಭಾಷೆ ಅವರದು, ಜೀವ ನನ್ನದು. ಪ್ರತಿ ಕಾರ್ಖಾನೆಯೂ ಸ್ಥಳದಲ್ಲೇ ಇರುವ ಒಬ್ಬ ಹೊಣೆಗಾರನನ್ನು ನೇಮಿಸಬೇಕು, ಹೆಸರು ಗೇಟಿನಲ್ಲಿ ಕಾಣಬೇಕು, ಉಲ್ಲಂಘನೆಯಾದರೆ ಅವನಿಗೆ ಸೆರೆವಾಸ, ದಂಡ ಕಟ್ಟಿ ತಪ್ಪಿಸಿಕೊಳ್ಳುವಂತಿಲ್ಲ.

ನಮ್ಮ ಬೀದಿಯ ಕಾರ್ಖಾನೆಯ ಮ್ಯಾನೇಜರ್ ಮುಖ ಕಣ್ಣ ಮುಂದೆ ಬಂತು. ಆ ಬಿಳಿ ಶರ್ಟು, ಕಾರಿನ ಏಸಿ. ಗೇಟಿನ ಮೇಲೆ ಅವನ ಹೆಸರು ಬಿದ್ದ ದಿನ ಬೀದಿಗೆಲ್ಲ ಟೀ ಕೊಡಿಸುತ್ತೇನೆ.

ಏಪ್ರಿಲ್ 8, ಮಂಗಳವಾರ

ಅಣ್ಣ ಆಫೀಸರ್ ಆಗಿದ್ದಾನೆ. ಸಂಜೆ ಬಂದು ಚಪ್ಪಲಿ ಬಿಡುತ್ತಾ ಹೇಳಿದ. ಅಷ್ಟು ದೊಡ್ಡ ಸುದ್ದಿಯನ್ನು ಚಪ್ಪಲಿ ಬಿಡುತ್ತಾ. ಅಮ್ಮ ಅವನ ತಲೆ ಸವರಿದಳು. ಇಸ್ತ್ರಿ ಮಾಡಿದ ಶರ್ಟೇ ಹಾಕಿಕೊಂಡು ಹೋಗಬೇಕು ಇನ್ನು ಮುಂದೆ ಎಂದು ಅತ್ತಿಗೆ ಆಗಲೇ ಇಸ್ತ್ರಿ ಪೆಟ್ಟಿಗೆ ತೆಗೆದು ಕೂತರು. ಪುಟ್ಟಿ ಎಲ್ಲರಿಗೂ ಸಲ್ಯೂಟ್ ಹೊಡೆಯುತ್ತಾ ಮನೆ ತುಂಬ ಓಡಾಡಿದಳು.

ಯಾವ ಆಫೀಸರ್ ಅಂದೆ. "ಯಾವುದೋ ಒಂದು. ಬರೋ ಕಾಗದಕ್ಕೆಲ್ಲ ಸೈನ್ ಹಾಕೋದು," ಅಂದ. ನನ್ನ ಕಡೆ ನೋಡಲಿಲ್ಲ.

ನನಗೂ ಖುಷಿಯಾಯಿತು. ಯಾಕೆ ಸುಳ್ಳು ಹೇಳಲಿ. ಅವನ ಕೈಗಳು ಸುಟ್ಟ ಕಲೆಗಳಿಂದ ತುಂಬಿವೆ. ನೆರಳಲ್ಲಿ ಕೂರಲಿ ಇನ್ನಾದರೂ.

ಏಪ್ರಿಲ್ 9, ಬುಧವಾರ, ಮಧ್ಯಾಹ್ನ

ಪ್ರೆಸ್ಸಿನ ಹಿಂದಿನ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಊಟದ ಡಬ್ಬಿ ತೆರೆದಿಲ್ಲ.

ಕಾರ್ಖಾನೆಯಿಂದ ಬೋರ್ಡಿನ ಆರ್ಡರ್ ಬಂತು. ಯಜಮಾನರು ನನ್ನ ಟೇಬಲ್ಲಿಗೇ ತಂದಿಟ್ಟರು. ದೊಡ್ಡ ಅಕ್ಷರ, ದೂರದಿಂದ ಕಾಣಬೇಕು. 'ವಾಯುಮಾಲಿನ್ಯ ಕಾಯ್ದೆಯ ಪ್ರಕಾರ ಈ ಕಾರ್ಖಾನೆಯ ಹೊಣೆಗಾರ.' ಅಷ್ಟನ್ನು ಕಂಪೋಸ್ ಮಾಡುವಾಗ ಸಂತೋಷದಿಂದ ಬೆರಳು ಕೀಲಿಯ ಮೇಲೆ ಕುಣಿಯುತ್ತಿತ್ತು. ಕೆಳಗಿನ ಸಾಲಿಗೆ ಬಂದೆ.

ಅಣ್ಣನ ಹೆಸರು. ಅಪ್ಪನ ಹೆಸರಿನ ಇನಿಷಿಯಲ್ ಸಮೇತ.

"ಏನಮ್ಮಾ, ಮೆಷಿನ್ ಹ್ಯಾಂಗಾ?" ಎಂದರು ಯಜಮಾನರು. ಹೌದು ಅಂದೆ. ಆಮೇಲೆ ಅವರೇ ಇಣುಕಿ ನೋಡಿ ಒಳಗೆ ಹೋದರು.

ಕಂಪೋಸ್ ಮುಗಿಸಿದೆ. ಬೋಲ್ಡ್ ಕೇಳಿದ್ದರು. ಬೋಲ್ಡ್ ಮಾಡಿದೆ.

ಏಪ್ರಿಲ್ 10, ಗುರುವಾರ

ವಕೀಲಮ್ಮನ ಮನೆಗೆ ಹೋದೆ. ಹೇಳುವ ಮೊದಲೇ ಅವರಿಗೆ ಗೊತ್ತಿತ್ತು. ಇಂಥ ಬೋರ್ಡು ಎಲ್ಲ ಗೇಟಿನ ಮೇಲೂ ಬಿದ್ದಿದೆಯಂತೆ. ಒಂದು ಕಡೆ ಸ್ಟೋರ್ ಕೀಪರ್, ಇನ್ನೊಂದು ಕಡೆ ಎಲೆಕ್ಟ್ರಿಷಿಯನ್. ಎಲ್ಲಿಯೂ ಬಿಳಿ ಶರ್ಟಿಲ್ಲ.

"ನೋಡಮ್ಮಾ, ಹಿಡಿಕೆ ಮೇಲಿರೋ ಕೈ ಹಿಡಿ ಅಂತ ನೀನು ಅಂದೆ. ಆ ಕೈಗೆ ಹೇಳೋ ಬಾಯಿ ಇನ್ನೆಲ್ಲೋ ಇರುತ್ತೆ."

ಬೈಯಲಿಲ್ಲ. ಬೈದಿದ್ದರೆ ಜಗಳ ಆಡಬಹುದಿತ್ತು. ಒಂದು ಲೋಟ ನೀರು ಕೊಟ್ಟರು. ಗಾಜಿನ ಪೆಟ್ಟಿಗೆಯನ್ನು ಮುಂದಿನ ವಾರದ ಶುಕ್ರವಾರ ಇನ್‌ಸ್ಪೆಕ್ಟರ್‌ಗೆ ಒಪ್ಪಿಸುವುದೆಂದು ಸಮಿತಿ ಎಂದೋ ತೀರ್ಮಾನಿಸಿದೆ. ಪೆಟ್ಟಿಗೆ ಇರುವುದು ನನ್ನ ಮಂಚದ ಕೆಳಗೆ.

ಏಪ್ರಿಲ್ 13, ಭಾನುವಾರ

ಕೂತಲ್ಲಿ ಕೂರಲಾಗುತ್ತಿಲ್ಲ. ಗೇಟಿನ ತನಕ ಹೋದೆ, ಬಂದೆ, ಮತ್ತೆ ಹೋದೆ. ಬೋರ್ಡು ಚೆನ್ನಾಗಿ ಬಂದಿದೆ. ದೂರದಿಂದ ಕಾಣುತ್ತದೆ.

ಸಂಜೆ ಬೈಪಾಸ್ ತೆಗೆದರು. ಪುಟ್ಟಿ ಕೆಮ್ಮಿದಳು. ಅತ್ತಿಗೆ ಕಿಟಕಿಗೆ ಒದ್ದೆ ಬೆಡ್‌ಶೀಟ್ ಕಟ್ಟಿದರು. ಯಾವತ್ತಿನ ಹಾಗೇ.

ಏಪ್ರಿಲ್ 16, ಬುಧವಾರ

ಇದನ್ನು ಬರೆಯದೆ ಬಿಡಬಹುದು. ಬರೆಯುತ್ತೇನೆ.

ಬೆಳಿಗ್ಗೆ ಮನೆಯಲ್ಲಿ ಯಾರೂ ಇರಲಿಲ್ಲ. ಪೆಟ್ಟಿಗೆ ಎಳೆದೆ. ಈ ತಿಂಗಳ ಗಾಜು ಒಂದು ತೆಗೆದು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದೆ. ಗ್ರೀಸ್ ಬಿಡಲಿಲ್ಲ, ಮಸಿ ಹರಡಿತು. ಇನ್ನೂ ತಿಕ್ಕಿದೆ. ಗಾಜಿನದು ಹೋಯಿತು, ನನ್ನ ಬೆರಳಿಗೆ ಬಂತು. ಉಗುರಿನ ಸಂದು, ಗೆರೆಗೆರೆಯಲ್ಲೂ. ಎರಡನೆಯದಕ್ಕೆ ಕೈ ಹಾಕಿದಾಗ ಬಾಗಿಲಲ್ಲಿ ಅಣ್ಣ. ಡಬ್ಬಿ ಮರೆತು ಹೋಗಿದ್ದನಂತೆ.

ಪೆಟ್ಟಿಗೆ ನೋಡಿದ. ನನ್ನ ಕೈ ನೋಡಿದ. ತನ್ನದನ್ನು ಪಕ್ಕದಲ್ಲಿ ಹಿಡಿದ.

"ಈಗ ನೋಡು, ಒಂದೇ ಮನೆಯವರು ಅನ್ನಬಹುದು."

ನಗು ಬರಲಿಲ್ಲ. ಆ ಬೋರ್ಡ್ ಅಂದ್ರೆ ಏನು ಗೊತ್ತಾ ನಿಂಗೆ ಎಂದು ಕೇಳಿದೆ. ಗೊತ್ತಂತೆ. ಮ್ಯಾನೇಜರ್ ನಗುನಗುತ್ತಲೇ ವಿವರಿಸಿದನಂತೆ, ಯಾರು ಬರ್ತಾರೆ ಹಿಡಿಯೋಕೆ ಅಂತ. ಮತ್ತೆ ಯಾಕೆ ಒಪ್ಪಿಕೊಂಡೆ ಅಂದೆ.

"ನಾನು ಬೇಡ ಅಂದಿದ್ರೆ ಕ್ರೇನ್ ಓಡಿಸೋನ ಹೆಸರು ಬರೀತಿದ್ರು. ಅವನ ಹೆಂಡ್ತಿ ಬಸುರಿ." ಡಬ್ಬಿ ಎತ್ತಿಕೊಂಡ. ಬಾಗಿಲಲ್ಲಿ ತಿರುಗಿದ. ದನಿ ಏರಿಸಲಿಲ್ಲ. "ಅವನ ಹೆಸರಿದ್ದಿದ್ರೆ ಗಾಜು ಒರೆಸ್ತಿದ್ಯಾ ನೀನು?"

ಹೋದ.

ಸೋಪು, ಬೂದಿ, ಮತ್ತೆ ಸೋಪು. ಬೆರಳಿನದು ಹೋಗುತ್ತಿಲ್ಲ.

ಏಪ್ರಿಲ್ 18, ಶುಕ್ರವಾರ

ಕೊಟ್ಟೆವು. ಪೆಟ್ಟಿಗೆ ನಾನೇ ಹೊತ್ತೆ. ಒರೆಸಿದ ಗಾಜನ್ನೂ ಒಳಗೇ ಇಟ್ಟಿದ್ದೆ. ಇದು ಯಾಕೆ ಹೀಗಿದೆ ಎಂದರು ಇನ್‌ಸ್ಪೆಕ್ಟರ್. ನಾನು ಒರೆಸಿದೆ ಅಂದೆ. ಯಾಕೆ ಅಂದರು. ಹೊಣೆಗಾರ ನನ್ನ ಅಣ್ಣ ಅಂದೆ. ಅವರು ಪೆನ್ನಿನ ಮುಚ್ಚಳ ಹಾಕಿ ವಕೀಲಮ್ಮನ ಮುಖ ನೋಡಿದರು. ಆಮೇಲೆ ಪೆನ್ ಮತ್ತೆ ತೆರೆದರು. ಇನ್ನು ಯಾವ ಸಂಜೆ ಬೇಕಾದರೂ ಬಂದು ಕಣ್ಣಾರೆ ನೋಡುತ್ತಾರಂತೆ. ಹೇಳಿ ಬರುವುದಿಲ್ಲ.

ಹೊರಗೆ ಬಂದ ಮೇಲೆ ವಕೀಲಮ್ಮ ಕಾಯ್ದೆಯ ಪ್ರತಿ ತೆಗೆದು ಒಂದು ಸಾಲಿಗೆ ಬೆರಳಿಟ್ಟರು. ನನ್ನ ಸಾಲಿನ ಕೆಳಗಿನದು. ಅದನ್ನು ನಾನು ಓದಿಯೇ ಇರಲಿಲ್ಲ. ನನ್ನದು ಸಿಕ್ಕ ಕೂಡಲೇ ನಿಲ್ಲಿಸಿದ್ದೆ. ಉಲ್ಲಂಘನೆ ತಡೆಯಲು ಹೊಣೆಗಾರನು ಕುಲುಮೆ ನಿಲ್ಲಿಸಬಹುದು. ಯಾರ ಅಪ್ಪಣೆಯೂ ಬೇಡ. ಅದಕ್ಕಾಗಿ ಅವನನ್ನು ಕೆಲಸದಿಂದ ತೆಗೆಯುವಂತಿಲ್ಲ. ನಾನು ಸದನ ಸಮಿತಿಯ ಮುಂದೆ ಕೂಗಾಡಿದ ಮಾರನೆಯ ದಿನವೇ ಅವರು ಒಬ್ಬರೇ ಹೋಗಿ ಸೇರಿಸಿ ಎಂದು ಬೇಡಿ ಬಂದಿದ್ದರಂತೆ.

ಬಸ್ಸಿನ ಕಿಟಕಿಯಲ್ಲಿ ಅವರು ನೋಡುತ್ತಿದ್ದುದು ಇದನ್ನು.

ಏಪ್ರಿಲ್ 19, ಶನಿವಾರ

ಅಣ್ಣನಿಗೆ ಎಲ್ಲವನ್ನೂ ಹೇಳಿದೆ. ಗಾಜು ಕೊಟ್ಟದ್ದು, ಇನ್‌ಸ್ಪೆಕ್ಟರ್ ಬರುವುದು. ಕೋಪ ಬರಬಹುದೆಂದಿದ್ದೆ. ಬರಲಿಲ್ಲ. ಅತ್ತಿಗೆಗೆ ಬಂತು. ಈ ಮನೆಯಲ್ಲಿ ತಿಂದು ಈ ಮನೆಗೇ ಎಂದು ಅರ್ಧಕ್ಕೆ ನಿಲ್ಲಿಸಿ ಒಳಗೆ ಹೋದರು. ಉಳಿದರ್ಧ ಪಾತ್ರೆಗಳು ಹೇಳಿದವು.

ಆ ಸಾಲು ಓದಿ ಕೇಳಿಸಿದೆ. ಎರಡು ಸಲ ಓದಿಸಿದ.

"ಕುಲುಮೆ ನಿಲ್ಲಿಸೋದು ಅಂದ್ರೆ ಸ್ಟೌ ಆರಿಸಿದಂಗೆ ಅಂದ್ಕೊಂಡ್ಯಾ? ಒಳಗಿರೋ ಕಬ್ಬಿಣ ಹಂಗೇ ಗಟ್ಟಿಯಾಗುತ್ತೆ. ಆಮೇಲೆ ಸುತ್ತಿಗೆಯಿಂದ ಒಡೆದು ತೆಗೀಬೇಕು. ಅಷ್ಟು ದಿನ ನನಗೆ ಸಂಬಳ ಇರುತ್ತೆ, ಸರಿ. ದಿನಗೂಲಿಯೋರಿಗೆ?"

ಉತ್ತರ ಯಾವ ಕರಪತ್ರದಲ್ಲೂ ಇಲ್ಲ. ಹುಡುಕಿದೆ. ಎಲ್ಲ ಹರಡಿಕೊಂಡು ಕೂತು ಹುಡುಕಿದೆ.

ಏಪ್ರಿಲ್ 22, ಮಂಗಳವಾರ

ಪುಟ್ಟಿಗೆ ಉಸಿರಾಟದ ತೊಂದರೆ. ಆಸ್ಪತ್ರೆಯಲ್ಲಿ ಮೂಗಿಗೆ ಹೊಗೆ ಥರದ್ದೇ ಔಷಧಿ ಹಿಡಿದರು. ಅವಳು ಮುಖ ತಿರುಗಿಸಿಕೊಂಡು, ಅಪ್ಪನ ಫ್ಯಾಕ್ಟರಿ ಇಲ್ಲೂ ಇದೆಯಾ ಅಂದಳು. ಡಾಕ್ಟರ್ ನಕ್ಕರು. ಅಣ್ಣ ಹೊರಗೆ ಹೋಗಿ ನಿಂತ.

ಏಪ್ರಿಲ್ 24, ಗುರುವಾರ, ಬೆಳಿಗ್ಗೆ

ಅಣ್ಣ ಈಗ ಹೊರಟ. ನಿನ್ನೆ ಲಾರಿ ತುಂಬ ಎಣ್ಣೆ ಗುಜರಿ ಬಂದಿದೆಯಂತೆ, ಅಷ್ಟೇ ಹೇಳಿದ. ಚಪ್ಪಲಿ ಮೆಟ್ಟುತ್ತಾ ಕೇಳಿದ, "ಆ ಕಲಂ ಎಷ್ಟನೇದು ಅಂದೆ?"

ಚೀಟಿಯಲ್ಲಿ ಬರೆದುಕೊಡುತ್ತೇನೆ ಅಂದೆ. ಚೀಟಿ ಎಲ್ಲೋ ಬಿದ್ದುಹೋಗುತ್ತೆ ಎಂದು ಅಂಗೈ ಚಾಚಿದ. ಬರೆದೆ. ಸುಟ್ಟ ಕಲೆಯ ಮೇಲೆ ಪೆನ್ನು ಜಾರುತ್ತದೆ. ಎರಡು ಸಲ ತಿದ್ದಬೇಕಾಯಿತು. ಅತ್ತಿಗೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮುಂದೆ ಬಂದು ಅವನ ಕಾಲರ್ ಸರಿಮಾಡಿದರು.

ಅದೇ ದಿನ, ಸಂಜೆ

ಮಹಡಿಯ ಮೇಲೆ. ಹೊಸ ಗಾಜು ಇಟ್ಟೆ. ಬೆಳಕು ಕುಂದುತ್ತಿದೆ. ಪ್ರತಿದಿನ ಇದೇ ಹೊತ್ತಿಗೆ... ಚಿಮಣಿಯಿಂದ ಕಣ್ಣು ಕೀಳಲಾಗುತ್ತಿಲ್ಲ.

ಹೊಗೆ ಇನ್ನೂ ಬಂದಿಲ್ಲ.

ಕೆಳಗಿನಿಂದ ಅಮ್ಮ ಕೂಗಿ ಕೇಳಿದಳು, "ಏನೇ ಅದು ಸದ್ದು?"

ಸದ್ದು ಏನೂ ಇರಲಿಲ್ಲ. ಅದೇ. ಹುಟ್ಟಿದಾಗಿಂದ ಕಿವಿಯಲ್ಲಿದ್ದ ಕುಲುಮೆಯ ಆ ಗುಂಯ್ ಅನ್ನುವುದು ನಿಂತುಹೋಗಿದೆ. ಯಾರದೋ ಮನೆಯ ರೇಡಿಯೋ ಇಲ್ಲಿಗೆ ಕೇಳುತ್ತಿದೆ. ಎಲ್ಲ ಮಹಡಿಗಳ ಮೇಲೂ ಜನ ಹತ್ತಿ ಬಂದಿದ್ದಾರೆ. ಎಲ್ಲರೂ ಒಂದೇ ಕಡೆ ನೋಡುತ್ತಿದ್ದಾರೆ.

ಗೇಟು ತೆರೆಯಿತು. ಅಣ್ಣ. ಇಸ್ತ್ರಿ ಶರ್ಟು. ಹಿಂದೆ ಇಡೀ ಶಿಫ್ಟಿನ ಜನ, ಗುಂಪಾಗಿ. ಅವನ ಜೊತೆಗೆ ಬರುತ್ತಿದ್ದಾರೋ, ಅವನ ಬೆನ್ನು ಹತ್ತಿ ಬರುತ್ತಿದ್ದಾರೋ, ಇಲ್ಲಿಂದ ತಿಳಿಯುತ್ತಿಲ್ಲ. ಅವನು ಓಡುತ್ತಿಲ್ಲ. ಬಲಗೈ ಮುಷ್ಟಿ ಕಟ್ಟಿದ್ದಾನೆ, ಒಳಗಿರುವುದು ಅಳಿಸಬಾರದು ಅನ್ನುವ ಹಾಗೆ.

ನಮ್ಮ ತಿರುವಿಗೆ ಬಂದರು. ಅತ್ತಿಗೆ ಆಗಲೇ ಬೀದಿಗೆ ಇಳಿದಿದ್ದಾರೆ. ನಾನೂ ಹೋಗಿ ಅವನ ಪಕ್ಕ ನಿಲ್ಲುತ್ತೇನೆ.