ಅಪ್ಪ ಕೊಟ್ಟ ಒಂಬತ್ತು ಅಂಕ

ಪ್ರೀತಿಯ ಅಪ್ಪನಿಗೆ,

ಭಾನುವಾರದ ಫುಟ್ಬಾಲ್ ಪಂದ್ಯದ್ದು ನೀನು ಕಳಿಸಿದ ಅಂಕಪಟ್ಟಿ ಸಿಕ್ಕಿತು. ರೆಫರಿಯಾಗಿ ನನಗೆ ಹತ್ತಕ್ಕೆ ಒಂಬತ್ತು! ಎಂಟು ವರ್ಷದಿಂದ ಗ್ಯಾಲರಿಯ ಮೊದಲ ಸಾಲಿನಲ್ಲಿ ಕೂತು, "ಮಗಳಾದ್ರೇನು, ತಪ್ಪು ತಪ್ಪೇ" ಎಂದು ಆರರ ಮೇಲೆ ಅರ್ಧ ಅಂಕವನ್ನೂ ಬಿಚ್ಚದ ಹಳೇ ರೆಫರಿ ನೀನು. ನಾನು ಹಿಗ್ಗಿ ಹೀರೇಕಾಯಿ ಆಗಬೇಕಿತ್ತು.

ಆದರೆ ಡಿಫೆಂಡರ್ ಕೈಯಿಂದ ಚೆಂಡು ತಡೆದದ್ದು ನಿನ್ನ ಮೂಗಿನ ಮುಂದೆಯೇ. ನಾನು ಸೀಟಿ ಊದಲಿಲ್ಲ. ಗ್ಯಾಲರಿಯೆಲ್ಲ ಕೂಗಾಡಿದರೂ ನೀನು "ಸರಿಯಾದ ತೀರ್ಪು" ಎಂದು ಬರೆದಿದ್ದೀಯ, ಅದೂ ಗೆರೆ ಬಿಟ್ಟು ಇಳಿದ ಅಕ್ಷರಗಳಲ್ಲಿ.

ಅದಕ್ಕೇ ಇದನ್ನು ಇಷ್ಟು ದಪ್ಪಕ್ಷರದಲ್ಲಿ ಬರೆದಿದ್ದೇನೆ. ಗುರುವಾರ ನಾಲ್ಕಕ್ಕೆ ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ, ಹೆಸರು ಬರೆಸಿದ್ದೇನೆ. ಹಳೇ ಕನ್ನಡಕ ತಾ. ನೆಪ ಹೇಳಿದರೆ ಕೆಂಪು ಕಾರ್ಡು.

ಆಮೇಲೆ ಮತ್ತೆ ಮೊದಲ ಸಾಲಿನಲ್ಲಿ ಕೂತು, ಕಣ್ತುಂಬ ನೋಡಿ, ನನಗೆ ಐದೇ ಅಂಕ ಕೊಡು.

ಇಂತಿ,
ತಪ್ಪು ಮಾಡಿದ ನಿನ್ನ ಮಗಳು