ಭಾನುವಾರದ ಹತ್ತು ನಿಮಿಷ

ಮನೆಯಿಂದ,
ಹನ್ನೊಂದನೇ ತಾರೀಕು, ಗುರುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ನೋಡಿ ನಗಬೇಡ. ನಾಲ್ಕನೇ ತರಗತಿಗೇ ಸ್ಲೇಟು ಕೆಳಗಿಟ್ಟವಳು ಇಷ್ಟುದ್ದದ ಕಾಗದ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದ ಕಡೆ ನೀನೇ ಸರಿಮಾಡಿಕೊಂಡು ಓದು. ಹೇಗಿದ್ದೀಯ? ಸೊಂಟದ ನೋವು ಇಳಿಯಿತೇ? ನೀನು ನೋಡಿಕೊಳ್ಳುವ ಆ ಅಜ್ಜಿಯನ್ನು ಒಬ್ಬಳೇ ಎತ್ತಿ ಕೂರಿಸಬೇಡ, ಮನೆಯವರನ್ನು ಯಾರನ್ನಾದರೂ ಕೂಗು. ಅಮ್ಮನ ಮಂಡಿ ಹಾಗೇ ಇದೆ, ಬಾಯಿ ಮಾತ್ರ ಚುರುಕಾಗಿದೆ. ನಿನ್ನ ಮಗಳು ಗುಬ್ಬಿಗೆ ಜ್ವರ, ಕೆಮ್ಮು ಏನೂ ಇಲ್ಲ. ಉದ್ದ ಆಗಿದ್ದಾಳೆ, ಹೋದ ವರ್ಷದ ಫ್ರಾಕು ಮಂಡಿಯಿಂದ ಮೇಲೆ ಬಂದಿದೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ಭಾನುವಾರ ನಿನ್ನ ಯಜಮಾನಿ ಕೊಡುವುದು ಹತ್ತೇ ನಿಮಿಷ, ಅದೂ ಅವರು ಪಕ್ಕದಲ್ಲಿ ಕೂತಿರುವಾಗ. ನನಗೋ, ಹೇಳಬೇಕಾದ ಮಾತು ಗಂಟಲಲ್ಲೇ ನಿಂತುಬಿಡುತ್ತದೆ. ಕಾಗದಕ್ಕಾದರೆ ಗಂಟಲು ಬೇಕಿಲ್ಲ.

ನಾನು ಲಾಂಡ್ರಿಗೆ ಹೋಗುವುದನ್ನು ಬಿಟ್ಟು ಐದು ತಿಂಗಳಾಯಿತು. ಗುಬ್ಬಿಯನ್ನು ಅಮ್ಮ ಒಬ್ಬಳೇ ಹಿಡಿಯಲಾರಳು ಎಂದು ಜೊತೆಗೆ ಕರೆದುಕೊಂಡು ಹೋಗುತ್ತಿದ್ದೆ. ಹಬೆಯ ಇಸ್ತ್ರಿ ಬುಸ್ ಎಂದರೆ ಸಾಕು, ಎರಡೂ ಕಿವಿ ಮುಚ್ಚಿಕೊಂಡು ಕಿರುಚುತ್ತಿದ್ದಳು. ಎರಡು ಸಲ ರಸ್ತೆಗೆ ಓಡಿದಳು. ಮೇಲ್ವಿಚಾರಕರು, "ಇದೇನು ಲಾಂಡ್ರಿನೋ ಶಿಶುವಿಹಾರನೋ" ಎಂದರು. ಈಗ ಹೋಟೆಲಿನ ಹಾಸಿಗೆ ಬಟ್ಟೆಯ ಗಂಟುಗಳು ಮನೆಗೇ ಬರುತ್ತವೆ. ನಾವು ಮೂವರು, ಒಂದು ಕೋಣೆ, ಗೋಡೆಯಿಂದ ಗೋಡೆಗೆ ಬಿಳಿ ಬಟ್ಟೆ. ಅವಳ ಕೈಗೆ ಎಟುಕದ ಹಾಗೆ ಬಾಗಿಲ ಮೇಲ್ಗಡೆ ಚಿಲಕ ಹಾಕಿಸಿದ್ದೇನೆ. ಅವಳನ್ನು ಒಳಗಿಡಲು ಹಾಕಿಸಿದ ಚಿಲಕ ಅಕ್ಕಾ, ಆದರೆ ಅವಳ ತಪಾಸಣೆಗಲ್ಲದೆ ನಾನು ಹೊರಗೆ ಹೋಗಿ ಎಷ್ಟು ದಿನವಾಯಿತೋ ಲೆಕ್ಕ ತಪ್ಪಿದೆ. ಮೇಲ್ಮನೆಯಾಕೆ ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ, "ಎರಡು ಬಿಟ್ರೆ ಸರಿಹೋಗ್ತಾಳೆ, ನೀವೇ ಮುದ್ದು ಮಾಡಿ ಕೆಡಿಸಿದ್ದೀರಿ" ಎನ್ನುತ್ತಾರೆ. ನಾನು ತಲೆಯಾಡಿಸಿ ಒಳಗೆ ಬರುತ್ತೇನೆ. ಅಮ್ಮ ಮಾತ್ರ, "ಮೊದಲು ನಿನ್ನ ಗಂಡಂಗೆ ಎರಡು ಬಿಡು ಹೋಗು" ಎಂದು ಗೊಣಗುತ್ತಾಳೆ, ಅವರು ಮೇಲೆ ಹೋದ ಮೇಲೆ.

ಶಾಲೆಗೆ ಸೇರಿಸಲು ತಪಾಸಣೆ ಎಂದು ನಿನಗೆ ಹೇಳಿದ್ದೆನಲ್ಲ, ಅದು ಪೂರ್ತಿ ನಿಜವಲ್ಲ. ಮಕ್ಕಳ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರಮ್ಮ ಇದ್ದಾರೆ. ಮೂರು ಬೆಳಿಗ್ಗೆ ಗುಬ್ಬಿಯ ಜೊತೆ ನೆಲದ ಮೇಲೆ ಕೂತು ಆಡಿದರು. ಹೆಸರು ಕೂಗಿದರು, ಅವಳು ತಿರುಗಲಿಲ್ಲ. ಗುಳ್ಳೆ ಊದಿದರು, ಅದನ್ನು ನೋಡಿ ಕೈ ಬಡಿದುಕೊಂಡು ಕುಣಿದಳು, ಆದರೆ "ನೋಡು" ಎಂದು ನಮಗೆ ಬೆರಳು ಮಾಡಿ ತೋರಿಸಲಿಲ್ಲ. ಆಟಿಸಂ ಎಂದು ಕಾಣುತ್ತದೆ ಎಂದರು. ಜ್ವರದ ಹಾಗೆ ಬಂದು ಹೋಗುವ ಕಾಯಿಲೆಯಲ್ಲವಂತೆ, ಹುಟ್ಟಿನಿಂದಲೇ ಮಿದುಳು ಬೇರೆ ರೀತಿ ಕೆಲಸ ಮಾಡುತ್ತದಂತೆ. ಯಾರ ತಪ್ಪೂ ಅಲ್ಲವಂತೆ. ತಾಯಿ ದೂರ ಹೋದದ್ದರಿಂದ ಹೀಗಾಯಿತೇ ಎಂದು ಅಮ್ಮ ಕೇಳಿದಳು. ಖಂಡಿತ ಇಲ್ಲ ಎಂದರು. ನಿನಗೆ ಬರೆಯಬೇಕಿತ್ತಲ್ಲ, ಅದೊಂದನ್ನು ಇನ್ನೊಂದು ಸಲ ಹೇಳಿಸಿಕೊಂಡೆ. ಆಸ್ಪತ್ರೆಯ ಹಿಂದೆಯೇ ಒಂದು ಕೇಂದ್ರವಿದೆ. ವಾರಕ್ಕೆ ಮೂರು ಬೆಳಿಗ್ಗೆ, ಆರೇ ಮಕ್ಕಳು, ಮನೆಯವರಿಗೂ ಅಲ್ಲೇ ಕಲಿಸುತ್ತಾರೆ. ಮಾತು ಬರಬಹುದು, ಬಾರದೆಯೂ ಇರಬಹುದು, ಬಾರದಿದ್ದರೆ ಚಿತ್ರದಿಂದಲೋ ಸನ್ನೆಯಿಂದಲೋ ಬೇಕಾದದ್ದು ಕೇಳುವುದನ್ನು ಕಲಿಯುತ್ತಾಳೆ ಎಂದರು. ಒಂದು ಜಾಗ ಖಾಲಿ ಇದೆ, ಇಪ್ಪತ್ತೈದನೇ ತಾರೀಕಿನವರೆಗೆ ಹಿಡಿದಿಟ್ಟಿರುತ್ತಾರೆ.

ಕೇಂದ್ರಕ್ಕೆ ಸೇರಿಸಲು ಚೀಟಿ ಬರೆದುಕೊಡುವ ಮೊದಲು ಹೆತ್ತ ತಾಯಿಯನ್ನು ಕೇಳಬೇಕೆಂದು ನಿನ್ನ ಯಜಮಾನಿಯ ನಂಬರಿಗೆ ಫೋನ್ ಮಾಡಿದರು. ಭಾನುವಾರ ನೀನೇ ಖುಷಿಯಿಂದ ಹೇಳಿದೆಯಲ್ಲ, "ನನ್ನ ಮಗಳು ಅರಳು ಹುರಿದಂಗೆ ಮಾತಾಡ್ತಾಳೆ, ಬೂಟು ಬೇಕು ಅಂತ ಅವಳೇ ಕೇಳಿದ್ಲು ಅಂದೆ ಕಣೇ" ಎಂದು. ಮರುದಿನ ಡಾಕ್ಟರಮ್ಮ ನಮ್ಮನ್ನು ಕರೆಸಿದರು. "ಮನೇಲಿ ಇಷ್ಟು ಮಾತಾಡೋ ಮಗು ಇಲ್ಲಿ ಮಾತ್ರ ಬಾಯಿ ಬಿಡ್ತಿಲ್ಲ ಅಂದ್ರೆ ಅದು ಬೇರೆ ತೊಂದರೆ, ಅದಕ್ಕೆ ಬೇರೆ ದಾರಿ. ನಿಮ್ಮಿಬ್ಬರ ಮಾತು ತಾಳೆ ಆಗ್ತಿಲ್ಲವಲ್ಲ, ಯಾಕೆ?" ಎಂದರು. ಅಮ್ಮ ಫ್ಯಾನ್ ನೋಡಿದಳು. ನಾನು ನನ್ನ ಚಪ್ಪಲಿ ನೋಡಿದೆ. ಯಾಕೆ ಎಂದು ನಮಗಿಬ್ಬರಿಗೂ ಗೊತ್ತಿತ್ತು. ಬರೆದುಕೊಡುವುದು ನಿಂತುಹೋಯಿತು.

ಅಕ್ಕಾ, ಫೋನಿನಲ್ಲಿ ಮಾತಾಡುವುದು ಗುಬ್ಬಿ ಅಲ್ಲ. ನಾನು.

ಚಿಕ್ಕವರಿದ್ದಾಗ ಕಂಬಳಿಯೊಳಗೆ ಸೇರಿಕೊಂಡು ಟೀಚರ್ ದನಿ ತೆಗೆದು ನಿನ್ನನ್ನು ನಗಿಸುತ್ತಿದ್ದೆ, ನೆನಪಿದೆಯೇ? ಮುಖ ಕಾಣದಿದ್ದರೆ ನನಗೆ ಯಾರ ದನಿಯಾದರೂ ಬರುತ್ತಿತ್ತು. ನೀನು ಹೋಗಿ ಒಂದು ವರ್ಷವಾದ ಮೇಲೆ ಒಂದು ಭಾನುವಾರ, "ಒಂದೇ ಸಲ ಅಮ್ಮಾ ಅನ್ನು ಚಿನ್ನಾ" ಎಂದು ನೀನು ಫೋನಿನಲ್ಲಿ ಅತ್ತೆ. ಗುಬ್ಬಿ ಫೋನು ತಳ್ಳಿ ಬಟ್ಟೆಯ ಕೆಳಗೆ ನುಸುಳಿದಳು. ನನಗೆ ತಡೆಯಲಾಗಲಿಲ್ಲ, ನಾನೇ "ಅಮ್ಮಾ" ಎಂದುಬಿಟ್ಟೆ. ನೀನು ನಕ್ಕೆ, ಅತ್ತೆ, ಯಜಮಾನಿಯನ್ನೂ ಕೂಗಿ ಹೇಳಿದೆ. ಅಮ್ಮ, "ಪಾಪ, ಒಂದು ವಾರ ನೆಮ್ಮದಿಯಾಗಿ ಮಲ್ಕೊಳ್ಳಲಿ ಬಿಡು" ಎಂದಳು. ಆ ಒಂದು ವಾರ ಎರಡು ವರ್ಷವಾಯಿತು. ಫೋನಿನ ಮಗು ಬೆಳೆಯಲೇಬೇಕಿತ್ತಲ್ಲ. ಮೇಲ್ಮನೆಯ ಮಗು ಏನೇನು ಹೇಳುತ್ತದೆಂದು ಕಿವಿಗೊಟ್ಟು ಕೇಳಿ, ಮುಂದಿನ ಭಾನುವಾರ ನಾನು ಅದನ್ನೇ ಹೇಳುತ್ತಿದ್ದೆ. ಕೆಂಪು ಬೂಟು ಕೇಳಿದವಳೂ ನಾನೇ. ನೀನು ಕಳಿಸಿದ ಬೂಟನ್ನು ಗುಬ್ಬಿ ಒಮ್ಮೆ ಮೂಸಿ ನೀರಿನ ಬಕೆಟ್ಟಿಗೆ ಹಾಕಿದಳು. ಅಂದು ಫೋನಿನಲ್ಲಿ "ತುಂಬಾ ಚೆನ್ನಾಗಿದೆ ಅಮ್ಮಾ" ಎಂದದ್ದು ನಿನಗೆ ನೆನಪಿರಬೇಕು.

ನಿನಗೆ ಗೊತ್ತಿರುವ ಮಗಳು ನನ್ನ ಗಂಟಲಲ್ಲಿದ್ದಾಳೆ. ಕೋಣೆಯಲ್ಲಿರುವವಳ ಪರಿಚಯ ನಿನಗಿಲ್ಲ, ನಾನೇ ಆಗಗೊಡಲಿಲ್ಲ. ಅವಳು ತುದಿಗಾಲಲ್ಲಿ ನಡೆಯುತ್ತಾಳೆ. ಇಸ್ತ್ರಿ ಮಾಡಿದ ಬಿಸಿ ಬಟ್ಟೆಗೆ ಕೆನ್ನೆ ಒತ್ತಿ ಒಂದೇ ದನಿಯಲ್ಲಿ ಗುಂಯ್ ಎನ್ನುತ್ತಾಳೆ, ಬಟ್ಟೆ ಆರುವವರೆಗೂ. ಆ ಸದ್ದು ನಿಂತರೆ ನನಗೇ ನಿದ್ದೆಯಿಂದ ಎದ್ದ ಹಾಗಾಗುತ್ತದೆ. ನಗುತ್ತಾಳೆ ಅಕ್ಕಾ, ಯಾಕೆಂದು ಗೊತ್ತಾಗದೆ ನಾವೂ ನಗುತ್ತೇವೆ. ಮಡಿಚಿಟ್ಟ ಹೊದಿಕೆ ಒಂದು ಸೊಟ್ಟಗಿದ್ದರೂ ಎಳೆದು ನೆಟ್ಟಗೆ ಮಾಡುತ್ತಾಳೆ. ಮೇಲ್ವಿಚಾರಕರಿಗಿಂತ ಕಟ್ಟುನಿಟ್ಟು.

ಬೈಯಿ, ಎಷ್ಟು ಬೇಕಾದರೂ ಬೈಯಿ. ಅಮ್ಮನನ್ನು ಮಾತ್ರ ಬೈಯಬೇಡ, ಈ ಕಾಗದ ಬರೆಯುತ್ತಿರುವುದು ಅವಳಿಗೆ ಗೊತ್ತಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು. ಆ ಅಜ್ಜಿಯನ್ನು ಕೇಳಿದೆನೆಂದು ಹೇಳು.

ನಿನ್ನ ಕ್ಷಮೆ ಕೇಳಲೂ ಮುಖವಿಲ್ಲದ,
ತಂಗಿ

ಮರೆಯುವ ಮೊದಲು: ಡಾಕ್ಟರಮ್ಮನ ನಂಬರು ಹಿಂದುಗಡೆ ಬರೆದಿದ್ದೇನೆ. ಯಜಮಾನಿಯನ್ನು ಕೇಳಿಕೊಂಡು ಇಪ್ಪತ್ತೈದರೊಳಗೆ ನೀನೇ ಫೋನ್ ಮಾಡಿ, ನನ್ನ ಮಗಳು ಮಾತಾಡುವುದಿಲ್ಲ, ಮಾತಾಡಿದ್ದು ನನ್ನ ತಂಗಿ ಎಂದು ಹೇಳು. ಅವರ ಎದುರು ಹೇಳಲು ಎರಡು ಸಲ ಹೋಗಿ ಬಾಗಿಲಿನಿಂದಲೇ ವಾಪಸು ಬಂದಿದ್ದೇನೆ, ನಾಳೆ ಮತ್ತೆ ಹೋಗುತ್ತೇನೆ, ಆದರೆ ನನ್ನನ್ನು ನಂಬಿ ಕೂರಬೇಡ. ಈ ಕಾಗದ ತಲುಪಿದ ಮೇಲಿನ ಭಾನುವಾರ ಫೋನು ಗುಬ್ಬಿಯ ಕಿವಿಗೆ ಹಿಡಿಯುತ್ತೇನೆ, ನಾನು ಬಾಯಿ ತೆರೆಯುವುದಿಲ್ಲ. ಏನೂ ಕೇಳಿಸದಿದ್ದರೂ ಇಡಬೇಡ, ಹತ್ತು ನಿಮಿಷವೂ ಇರು. ಇವತ್ತು ಬೆಳಿಗ್ಗೆ ಹಾಗೇ ಅಭ್ಯಾಸ ಮಾಡಿ ನೋಡಿದೆ. ಫೋನು ಅವಳ ಕಿವಿಗಿಟ್ಟು ಸುಮ್ಮನೆ ಕೂತೆ. ಅವಳು ಸ್ವಲ್ಪ ಹೊತ್ತು ಕಾದಳು, ಆಮೇಲೆ ಎರಡು ಬೆರಳು ನನ್ನ ತುಟಿಯ ಮೇಲಿಟ್ಟು ತೆರೆಯಲು ನೋಡಿದಳು. ನಾನು ತೆರೆಯಲಿಲ್ಲ.