ಪ್ಯಾಸ್ಕೋನ ಲೋಟ

ಅಪ್ಪಾ,

ಇವತ್ತು ನಮ್ಮ ಡೈವಿಂಗ್ ಕ್ಲಬ್ಬಿನ ದೋಣಿ ಫಾಲ್ಮತ್ ಬಂದರಿನಿಂದ ಹೊರಗಡಲಿನ ಬಂಡೆಗಳಿಗೆ ಹೋಗಿತ್ತು. ಪಳಗಿದ ಮುಳುಗುಗಾರರು ಮಾತ್ರ. ಹೋದ ಚಳಿಗಾಲ ನಿನ್ನನ್ನು ಮಣ್ಣು ಮಾಡಿದ ಮೇಲೆ ನಾನು ನೀರಿಗಿಳಿದದ್ದು ಇದೇ ಮೊದಲು. ನಿನ್ನ ಮುದಿ ಏಡಿ ಅದೇ ಬಿರುಕಿನಲ್ಲಿ ಕೂತಿದೆ, ಅದೇ ಸಿಡುಕು ಮೋರೆ.

ಎಲ್ಲರೂ ಮೇಲೆ ಬಂದ ಮೇಲೆ ದೋಣಿ ನಡೆಸುವ ಹೆಡ್ಲಿ ಚುಕ್ಕಾಣಿಯ ಬಳಿ ನಿಂತು ಹೆಸರು ಕೂಗಿದ. ತನ್ನ ಹೆಸರಿಗೆ ತಾನೇ ಓಗೊಡಬೇಕು, ಒಬ್ಬರು ಓಗೊಡದಿದ್ದರೂ ದೋಣಿ ಕದಲಬಾರದು ಎಂಬ ನಿಯಮ ನೀನೇ ಮಾಡಿದ್ದಲ್ಲವೇ? ನಿನ್ನ ಹಳೆಯ ಜೊತೆಗಾತಿ ಮೊರ್ವೆನಾ ಓಗೊಟ್ಟಳು, ನಾನು ಓಗೊಟ್ಟೆ. ಆಮೇಲೆ ಹಳೆಯ ರೂಢಿಯಲ್ಲಿ ಹೆಡ್ಲಿ, "ಪ್ಯಾಸ್ಕೋ!" ಎಂದುಬಿಟ್ಟ.

ನಿನ್ನ ಹೆಸರು.

"ಥೂ, ನನ್ನ ಹಾಳು ನಾಲಿಗೆ!" ಎಂದು ಹೆಡ್ಲಿ ಮುಖ ತಿರುಗಿಸಿದ.

ನೀನು ಮೇಲೆ ಬರಲು ತಡಮಾಡಿದಾಗಲೆಲ್ಲ ಮೊರ್ವೆನಾ ಒಂದು ಮಾತು ಅನ್ನುತ್ತಿದ್ದಳಲ್ಲ, ಅದನ್ನೇ ಈಗ ಮೆಲ್ಲಗೆ ಅಂದಳು: "ಟೀ ಬಗ್ಗಿಸೇ ಕೆರೆನ್ಸಾ. ವಾಸ್ನೆ ಹಿಡ್ಕೊಂಡು ತಾನೇ ಬರ್ತಾನೆ ಮುದುಕ."

ನಿನ್ನ ತಗಡಿನ ಲೋಟ ಇನ್ನೂ ಅದೇ ಮೊಳೆಯಲ್ಲಿ ತೂಗುತ್ತಿತ್ತು. ತೆಗೆದು ಟೀ ಬಗ್ಗಿಸಿದೆ, ಅಪ್ಪಾ.

ಅದರ ಹಬೆ ಆರುವವರೆಗೂ ಹೆಡ್ಲಿ ಎಂಜಿನ್ ಚಾಲೂ ಮಾಡಲಿಲ್ಲ.